ಕಲ್ಲಿನ ರಾಡಿ, ಮೊಹಲ್ಲಾದ ಗಾಳಿ ಮತ್ತು ರಾಜಿಯ ದಾರಿ

ವಾಡಿ, ಶಹಾಬಾದ್, ಚಿತ್ತಾಪುರದ ಸುತ್ತ ಪರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಸಣ್ಣ ಘಟಕಗಳಿವೆ. ಅಲ್ಲಿ ದುಡಿಯುವವರೂ ನಮ್ಮವರೇ, ಪಕ್ಕದ ಮನೆಯಲ್ಲಿ ಕೆಮ್ಮುವವರೂ ನಮ್ಮವರೇ. ಹೀಗಾಗಿ ತಕರಾರು ಎದ್ದಾಗ "ಮುಚ್ಚಿಸಿಬಿಡಿ" ಎಂದರೂ ಕಷ್ಟ, "ಸಹಿಸಿಕೊಳ್ಳಿ" ಎಂದರೂ ಕಷ್ಟ.

ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅತ್ಯಗತ್ಯವೆಂದು ಹೇಳುವ ಆರು ಸಂಗತಿಗಳಲ್ಲಿ (ಅಸ್ಬಾಬೆ ಸಿತ್ತಾ ಝರೂರಿಯಾ) ಮೊದಲನೆಯದು ಗಾಳಿ. ನೀರು, ನಿದ್ರೆ, ಮನಸ್ಸಿನ ನೆಮ್ಮದಿಯೂ ಅದರಲ್ಲಿವೆ. ಧೂಳು ಮತ್ತು ಮಶೀನಿನ ಸದ್ದು ಇವೆಲ್ಲವನ್ನೂ ಕೆಡಿಸಬಲ್ಲವು.

ಧೂಳು ಎಲ್ಲಿಂದ ಏಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಕಲ್ಲು ಕೊಯ್ಯುವಾಗ ನೀರು ಬಿಟ್ಟರೆ ಪುಡಿ ನೀರಿನಲ್ಲೇ ಉಳಿದು ರಾಡಿಯಾಗುತ್ತದೆ. ಆ ರಾಡಿಯನ್ನು ಗಟಾರಕ್ಕೋ ಖಾಲಿ ಜಾಗಕ್ಕೋ ಸುರಿದರೆ ಬೇಸಿಗೆಯಲ್ಲಿ ಒಣಗಿ ಮತ್ತೆ ಗಾಳಿಗೇರುತ್ತದೆ. ನೆರೆಯವರು ಮಶೀನನ್ನು ಬೈಯುತ್ತಾರೆ, ತಪ್ಪು ಮಾತ್ರ ಒಣಗಿದ ಗುಡ್ಡೆಯದು! ಎರಡು ಮೂರು ಹಂತದ ತಿಳಿ ತೊಟ್ಟಿ ಕಟ್ಟಿಸಿ, ತಿಳಿನೀರನ್ನು ಮರಳಿ ಬಳಸಿ, ರಾಡಿ ಒಣಗುವ ಮುನ್ನ ಸಾಗಿಸಿದರೆ ಅರ್ಧ ಜಗಳ ಮುಗಿದಂತೆ. ಇದು ಸುಣ್ಣದ ಕಲ್ಲು. ಇದರ ಧೂಳು ಕಣ್ಣು, ಗಂಟಲು ಉರಿಸುತ್ತದೆ, ದಮ್ಮು ಇರುವವರಿಗೆ ಇನ್ನೂ ಕಷ್ಟ. ಎರಡು ವಾರ ಮೀರಿದ ಕೆಮ್ಮನ್ನು ಮಾತ್ರ "ಧೂಳಿನದು" ಎಂದು ಬಿಡಬೇಡಿ, ಕಫ ಪರೀಕ್ಷೆ ಮಾಡಿಸಿ.

ಇಂಥ ತಕರಾರು ಹೊಸದಲ್ಲ. 14ನೇ ಶತಮಾನದಲ್ಲಿ ಟ್ಯೂನಿಸ್‌ನ ಗೌಂಡಿ ಇಬ್ನ್ ಅಲ್-ರಾಮಿ ಹೊಗೆ, ದುರ್ವಾಸನೆ, ಸದ್ದಿನಿಂದ ನೆರೆಯವರಿಗಾಗುವ ಹಾನಿಯ ಕುರಿತೇ ಬರೆದಿದ್ದಾನೆ.

ಸುಲಹ್‌ಗೆ ಕೂರುವಾಗ ಮಧ್ಯಸ್ಥರಾಗುವವರಿಗೆ ಆ ಘಟಕದಲ್ಲಿ ಪಾಲಾಗಲಿ, ಅದರಿಂದ ಬಾಡಿಗೆಯಾಗಲಿ ಇರಬಾರದು. ಜಮಾಅತಿನ ಹಿರಿಯರಷ್ಟೇ ಕೂತರೆ ಸಾಲದು. ಹಗಲಿಡೀ ಮನೆಯಲ್ಲಿರುವ ಹೆಣ್ಣುಮಕ್ಕಳ ಮಾತನ್ನೂ ಕೂಲಿಕಾರರ ಮಾತನ್ನೂ ಕೇಳಬೇಕು. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಆಮೇಲೆ ಜಾಗ ನೋಡಲಿ. "ಇನ್ನು ಮುಂದೆ ತೊಂದರೆ ಕೊಡುವುದಿಲ್ಲ" ಎಂಬ ಬರಹಕ್ಕೆ ಬೆಲೆಯಿಲ್ಲ. ತೊಟ್ಟಿ ಯಾವ ತಾರೀಖಿಗೆ, ರಾಡಿ ವಾರಕ್ಕೆ ಎಷ್ಟು ಸಲ, ಮಶೀನು ಎಷ್ಟು ಗಂಟೆಗೆ ನಿಲ್ಲಬೇಕು ಎಂದು ಬರೆಯಿರಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬಲ್.

ಮಾತು ನಿಲ್ಲುವುದಿಲ್ಲವೆಂಬ ಅನುಮಾನವಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಕೇಸು ಹಾಕುವ ಮುನ್ನವೇ ಲೋಕ ಅದಾಲತ್ ವಿಷಯವನ್ನು ಎತ್ತಿಕೊಳ್ಳುತ್ತದೆ. ಅಲ್ಲಿನ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲು ಇಲ್ಲ.

ಆದರೆ ಎಲ್ಲವನ್ನೂ ರಾಜಿ ಮಾಡಲಾಗದು. ಮಾಲಿನ್ಯ ನಿಯಂತ್ರಣ ಮಂಡಳಿಯ ಷರತ್ತುಗಳನ್ನು ನೆರೆಯವರು ಮಾಫಿ ಮಾಡಲು ಬರುವುದಿಲ್ಲ. ಹಸಿರು ನ್ಯಾಯಮಂಡಳಿಯ ವ್ಯಾಪ್ತಿಯ ವಿಷಯಗಳನ್ನು 2023ರ ಮಧ್ಯಸ್ಥಿಕೆ ಕಾಯ್ದೆಯೇ ಹೊರಗಿಟ್ಟಿದೆ. ಕುಡಿಯುವ ಬಾವಿಗೆ ರಾಡಿ ಸೇರಿದ್ದರೆ ಮಂಡಳಿಗೆ ಬರೆದು ದೂರು ಕೊಡಿ, ಅಲ್ಲಿಯವರೆಗೆ ಆ ನೀರು ಕುಡಿಯಬೇಡಿ. ಉಳಿದ ಒಪ್ಪಂದವನ್ನು ಹೋಳಿಯ ಹೊತ್ತಿಗೆ, ಬಿಸಿಲು ಏರುವ ಮುನ್ನ, ಎರಡೂ ಕಡೆಯವರು ತೊಟ್ಟಿಯ ಬಳಿ ನಿಂತು ಮತ್ತೊಮ್ಮೆ ಓದಿಕೊಳ್ಳಲಿ.