ಹುಳಿಯೂ ಸೀಸವೂ ಸೇರಿದರೆ

ಮುಂಬಯಿಯ ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಪಶ್ಚಿಮಕ್ಕೆ ಇಳಿದರೆ ತರಕಾರಿ ಮಾರುವ ಭಾಜಿ ಗಲ್ಲಿ. ಪೂರ್ವಕ್ಕೆ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡ್. ದಾಖಲೆಯಲ್ಲಿ ಅದು ಡಾ. ಭಡಕಮಕರ್ ಮಾರ್ಗ, ಆದರೆ ಹಾಗೆಂದರೆ ಟ್ಯಾಕ್ಸಿಯವನೂ ತಡವರಿಸುತ್ತಾನೆ. ಒಂದು ಬದಿಯಲ್ಲಿ ಸಂಜೆಯ ಹೊತ್ತಿಗೆ ಮೆತ್ತಗಾದ ಟೊಮೆಟೊ, ಹೂಕೋಸಿನ ಎಲೆ, ಕೊಳೆತ ಈರುಳ್ಳಿ ರಾಶಿ ಬೀಳುತ್ತವೆ. ಇನ್ನೊಂದು ಬದಿಯ ಅಂಗಡಿಗಳಿಂದ, ರಿಪೇರಿ ನಡೆಯುವ ‘ಗಾಳಾ’ ಎಂಬ ಸಣ್ಣ ಕೋಣೆಗಳಿಂದ ಸತ್ತ ಮದರ್‌ಬೋರ್ಡು, ವೈರಿನ ತುಂಡು, ಬೆಸುಗೆಯ ಚೂರು, ಉಬ್ಬಿದ ಬ್ಯಾಟರಿ ಹೊರಬರುತ್ತವೆ. ಎರಡೂ ತಂತಮ್ಮ ಪಾಡಿಗಿದ್ದರೆ ನಿಭಾಯಿಸಬಹುದು. ತೊಂದರೆ ಶುರುವಾಗುವುದು ಎರಡೂ ಒಂದೇ ಲಾರಿಗೆ ಬಿದ್ದಾಗ.

ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ನೂರಕ್ಕೆ 63 ಪಾಲು ತವರ, 37 ಪಾಲು ಸೀಸ. ಈ ಪ್ರಮಾಣದಲ್ಲಿ ಬೆರೆತ ಲೋಹ ಕೇವಲ 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಆದ್ದರಿಂದಲೇ ದಶಕಗಳ ಕಾಲ ಎಲೆಕ್ಟ್ರಾನಿಕ್ಸ್ ಉದ್ಯಮ ಇದನ್ನು ಬಿಟ್ಟಿರಲಿಲ್ಲ. ಯುರೋಪ್ 2006ರ ಜುಲೈಯಿಂದ ಸೀಸಕ್ಕೆ ಕಡಿವಾಣ ಹಾಕಿತು. ಆದರೆ ರಿಪೇರಿ ಪೇಟೆಯ ಮೇಜಿಗೆ ಬರುವುದು ಹೊಸ ಸಾಮಾನು ಮಾತ್ರವಲ್ಲವಲ್ಲ!

ಬೋರ್ಡಿಗೆ ಗಟ್ಟಿಯಾಗಿ ಅಂಟಿಕೊಂಡ ಸೀಸ ಬರೀ ನೀರಿಗೆ ಅಷ್ಟು ಬೇಗ ಜಗ್ಗುವುದಿಲ್ಲ. ಹುಳಿಗೆ ಜಗ್ಗುತ್ತದೆ. ತರಕಾರಿ, ಅನ್ನ, ಹಣ್ಣು ಗಾಳಿಯಿಲ್ಲದೆ ಕೊಳೆಯತೊಡಗಿದಾಗ ಬ್ಯಾಕ್ಟೀರಿಯಾಗಳು ಮೊದಲು ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಮುಂತಾದ ಆಮ್ಲಗಳನ್ನು ತಯಾರಿಸುತ್ತವೆ. ಕಸದ ರಾಶಿಯ ಗಬ್ಬುನಾತದಲ್ಲಿ ಇವುಗಳ ಪಾಲು ದೊಡ್ಡದು. ಅಸಿಟಿಕ್ ಆಮ್ಲ ಸೀಸದೊಡನೆ ಕೂಡಿದರೆ ಹುಟ್ಟುವ ಲೆಡ್ ಅಸಿಟೇಟ್ ನೀರಿನಲ್ಲಿ ಸಲೀಸಾಗಿ ಕರಗುವ ವಸ್ತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಇಡಬಾರದು ಎಂದು ನಮ್ಮ ಅಜ್ಜಿಯರು ಗದರುತ್ತಿದ್ದದ್ದು ಇದೇ ರಸಾಯನದ ಭಯದಿಂದ. ಅಲ್ಲಿ ತಾಮ್ರ, ಇಲ್ಲಿ ಸೀಸ, ಅಷ್ಟೇ.

ಇದು ಊಹೆಯ ಮಾತಲ್ಲ, ಕಾನೂನಿನ ಪರೀಕ್ಷೆಯೇ ಇದರ ಮೇಲೆ ನಿಂತಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1990ರಲ್ಲಿ ಜಾರಿಗೆ ತಂದ ವಿಧಾನದಲ್ಲಿ, ಪರೀಕ್ಷಿಸಬೇಕಾದ ತ್ಯಾಜ್ಯವನ್ನು ಚೂರು ಮಾಡಿ, ಅದರ 20 ಪಟ್ಟು ತೂಕದ ತೆಳು ಅಸಿಟಿಕ್ ಆಮ್ಲದಲ್ಲಿ ಮುಳುಗಿಸಿ, ಸುಮಾರು 18 ಗಂಟೆ ಉರುಳಿಸುತ್ತಾರೆ. ಆಮೇಲೆ ಸೋಸಿ ಅಳೆಯುತ್ತಾರೆ. ಲೀಟರಿಗೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಸಿಕ್ಕರೆ ಅದು ಅಪಾಯಕಾರಿ ತ್ಯಾಜ್ಯ. ಭಾರತದ 2016ರ ನಿಯಮಗಳೂ ಇದೇ ಪರೀಕ್ಷೆಯನ್ನು, ಇದೇ ಮಿತಿಯನ್ನು ಒಪ್ಪಿಕೊಂಡಿವೆ. ಪರೀಕ್ಷೆಗೆ ಅಸಿಟಿಕ್ ಆಮ್ಲವನ್ನೇ ಆರಿಸಿದ್ದೇಕೆ? ಕಾರ್ಖಾನೆಯ ಕಸ ಊರಿನ ಅಡುಗೆಮನೆಯ ಕಸದ ಜೊತೆ ಬೆರೆತರೆ ಏನಾಗುತ್ತದೆ ಎಂದು ತಿಳಿಯಲು. ಅಂದರೆ ಭಾಜಿ ಗಲ್ಲಿಯೂ ಲ್ಯಾಮಿಂಗ್ಟನ್ ರೋಡೂ ಪ್ರಯೋಗಾಲಯದ ಬಾಟಲಿಯೊಳಗೆ ಯಾವತ್ತೋ ಭೇಟಿಯಾಗಿವೆ.

ಬಾಟಲಿಯ ಹೊರಗೆ ಅವು ಭೇಟಿಯಾಗುತ್ತಿದ್ದದ್ದು ದೇವನಾರ್‌ನಲ್ಲಿ. 1927ರಿಂದ ಮುಂಬಯಿ ಅಲ್ಲಿ ಕಸ ಸುರಿಯುತ್ತ ಬಂತು. 2016ರ ಜನವರಿಯಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದಾಗ ಹೊಗೆ ಉಪಗ್ರಹದ ಚಿತ್ರಗಳಲ್ಲೂ ಕಾಣಿಸಿತು. ಸುತ್ತಲಿನ ಶಾಲೆಗಳನ್ನು ಮುಚ್ಚಬೇಕಾಯಿತು. ಈಗ ನಗರದ ಕಸದಲ್ಲಿ ದೊಡ್ಡ ಪಾಲು ಹೋಗುವುದು ಕಾಂಜೂರ್‌ಮಾರ್ಗ್‌ಗೆ, ಗ್ರಾಂಟ್ ರೋಡಿನಿಂದ ಇಪ್ಪತ್ತು ಕಿಲೋಮೀಟರಿಗೂ ದೂರ. ತರಕಾರಿ ಕಸದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ನೀರು. ಡೀಸೆಲ್ ಸುಟ್ಟು ನಾವು ಊರಾಚೆಗೆ ಸಾಗಿಸುವುದು ಮುಖ್ಯವಾಗಿ ನೀರನ್ನೇ.

ಹಸಿ ಕಸವನ್ನು ಬೇರೆಯಾಗಿ, ಹತ್ತಿರದಲ್ಲೇ, ಬೇಗನೆ ಹಿಡಿದರೆ ಅದೇ ಹುಳಿ ಉಪಕಾರಕ್ಕೆ ಬರುತ್ತದೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಡಾ. ಶರದ್ ಕಾಳೆ ಅವರು ರೂಪಿಸಿದ ‘ನಿಸರ್ಗಋಣ’ ಸ್ಥಾವರದ ಜಾಣ್ಮೆ ಇರುವುದು ಇಲ್ಲಿ. ಆಮ್ಲ ತಯಾರಿಸುವ ಜೀವಿಗಳು ಚುರುಕು, ಹುಳಿಯನ್ನು ಸಹಿಸುತ್ತವೆ. ಆ ಆಮ್ಲವನ್ನು ಉಂಡು ಮೀಥೇನ್ ಬಿಡುವ ಜೀವಿಗಳು ನಿಧಾನಿಗಳು, ಹುಳಿ ಹೆಚ್ಚಾದರೆ ಕೆಲಸವನ್ನೇ ನಿಲ್ಲಿಸುತ್ತವೆ. ಇಬ್ಬರನ್ನೂ ಒಂದೇ ತೊಟ್ಟಿಗೆ ಹಾಕಿದರೆ ಜಗಳ. ಅದಕ್ಕೇ ಎರಡು ತೊಟ್ಟಿ: ಮೊದಲನೆಯದಕ್ಕೆ ಬಿಸಿನೀರು ಮತ್ತು ಗಾಳಿ, ಎರಡನೆಯದಕ್ಕೆ ಗಾಳಿಯೇ ಇಲ್ಲ. ಕೊನೆಗೆ ಅಡುಗೆ ಒಲೆಗೆ ಆಗುವ ಅನಿಲ, ಮತ್ತು ಗೊಬ್ಬರ. ಈ ತೊಟ್ಟಿಗೂ ಒಲ್ಲದ ಪದಾರ್ಥಗಳಿವೆ. ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳ ಅನ್ನ, ಪಲ್ಯ, ಇಡ್ಲಿ ಅದಕ್ಕೆ ಮೃಷ್ಟಾನ್ನ. ಆದರೆ ಅದೇ ಹೋಟೆಲಿನ ತೆಂಗಿನ ಚಿಪ್ಪು ಮಾತ್ರ ಬೇಡ, ಅದರಲ್ಲಿರುವ ಲಿಗ್ನಿನ್ ಗಾಳಿಯಿಲ್ಲದ ಕಡೆ ಕರಗುವುದೇ ಇಲ್ಲ.

2022ರ ಮೇ ತಿಂಗಳಲ್ಲಿ ಹಾಜಿ ಅಲಿಯ ಬಳಿ ಕೇಶವರಾವ್ ಖಾಡ್ಯೆ ಮಾರ್ಗದ ಉದ್ಯಾನದಲ್ಲಿ, ಆಹಾರ ತ್ಯಾಜ್ಯದಿಂದ ತಯಾರಾದ ವಿದ್ಯುತ್ತಿನಲ್ಲಿ ವಾಹನ ಚಾರ್ಜ್ ಮಾಡುವ ಕೇಂದ್ರ ಉದ್ಘಾಟನೆಯಾಯಿತು. ಸ್ಥಾವರದ ಸಾಮರ್ಥ್ಯ ದಿನಕ್ಕೆ 2 ಟನ್. ಒಂದು ಟನ್ ಊಟದ ಕಸದಿಂದ ಸುಮಾರು 100 ಘನ ಮೀಟರ್ ಅನಿಲ, ಒಂದು ಘನ ಮೀಟರಿಗೆ ಒಂದೂವರೆ ಯುನಿಟ್ ಎಂದು ಹಿಡಿದರೂ ದಿನಕ್ಕೆ 300 ಯುನಿಟ್. ನೋಡಲು ಚೆಂದ. ಆದರೆ ನಗರದ ಕಸ ದಿನಕ್ಕೆ ಸುಮಾರು 6,500 ಟನ್. ಹಾಗಾಗಿ ನನಗೆ ಇಂಥ ಸ್ಥಾವರದ ಯಂತ್ರಕ್ಕಿಂತ ಅದರ ಬಾಯಿಗೆ ಏನು ಬೀಳುತ್ತದೆ ಎಂಬುದೇ ಮುಖ್ಯವಾಗಿ ಕಾಣುತ್ತದೆ. ಭಾರತದ ರಸಗೊಬ್ಬರ ನಿಯಂತ್ರಣ ಆದೇಶದಂತೆ ನಗರದ ಕಾಂಪೋಸ್ಟಿನಲ್ಲಿ ಸೀಸ ಕಿಲೋಗೆ 100 ಮಿಲಿಗ್ರಾಂ ಮೀರಬಾರದು. ಒಂದು ಟನ್ ಗೊಬ್ಬರಕ್ಕೆ 100 ಗ್ರಾಂ ಎಂದಾಯಿತು. ಅಷ್ಟು ಸೀಸ 270 ಗ್ರಾಂ ಬೆಸುಗೆಯಲ್ಲಿ ಇರುತ್ತದೆ, ಮುಷ್ಟಿಯೊಳಗೆ ಹಿಡಿಸುವ ಲೋಹ. ಒಂದು ಟನ್ ಗೊಬ್ಬರ ಹೊಲಕ್ಕೆ ಹೋಗಬೇಕೇ, ಗುಂಡಿಗೆ ಬೀಳಬೇಕೇ ಎಂಬುದು ಆ ಒಂದು ಮುಷ್ಟಿಯಲ್ಲಿದೆ.

ಆ ಮುಷ್ಟಿಯನ್ನು ತಡೆಯಬಲ್ಲವರು ಯಾರು? ಕಾಂಜೂರ್‌ಮಾರ್ಗ್‌ನಲ್ಲಿ ಕುಳಿತ ಇಂಜಿನಿಯರ್ ಖಂಡಿತ ಅಲ್ಲ. ಬೆರೆತ ಮೇಲೆ ಬೇರ್ಪಡಿಸಲು ಶಕ್ತಿ ಬೇಕು, ಹಣ ಬೇಕು, ಆದರೂ ಪೂರ್ತಿ ಆಗುವುದಿಲ್ಲ. ಬೆರೆಯುವ ಮೊದಲು ತಡೆಯಲು ಬೇಕಾದದ್ದು ಕಸ ಹಾಕುವವನ ಮುಖ ಬಲ್ಲ ಒಬ್ಬ ಮನುಷ್ಯ. 1990ರ ದಶಕದ ಕೊನೆಯಲ್ಲಿ ಘಾಟ್ಕೋಪರ್‌ನ ಜೋಶಿ ಲೇನಿನ ನಿವಾಸಿಗಳು ತಮ್ಮ ಬೀದಿಯ ಕಸವನ್ನು ತಾವೇ ವಿಂಗಡಿಸಲು ಹೊರಟದ್ದು, ಮುಂಬಯಿ ಮಹಾನಗರಪಾಲಿಕೆ ಅದನ್ನೇ ಎಎಲ್‌ಎಂ (ಅಡ್ವಾನ್ಸ್ಡ್ ಲೊಕ್ಯಾಲಿಟಿ ಮ್ಯಾನೇಜ್‌ಮೆಂಟ್) ಯೋಜನೆಯೆಂದು ಹಬ್ಬಿಸಿದ್ದು ಇದೇ ತರ್ಕದ ಮೇಲೆ. 1975ರಲ್ಲಿ ಹುಟ್ಟಿದ ಸ್ತ್ರೀ ಮುಕ್ತಿ ಸಂಘಟನೆ ಕಸ ಆಯುವ ಹೆಂಗಸರನ್ನು ‘ಪರಿಸರ ಭಗಿನಿ’ಯರೆಂದು ಕರೆದು, ವಿಂಗಡಣೆಯ ಜೊತೆಗೆ ಕಾಂಪೋಸ್ಟ್, ಬಯೋಗ್ಯಾಸ್ ಸ್ಥಾವರ ನಡೆಸುವ ತರಬೇತಿ ಕೊಟ್ಟಿತು. ಬೆಂಗಳೂರಿನಲ್ಲಿ ಕಸ ಆಯುವವರ ಸಂಘಟನೆ ‘ಹಸಿರು ದಳ’ ಇದೇ ದಾರಿ ಹಿಡಿಯಿತು. ಅಲ್ಲಿ ಪಾಲಿಕೆಯೇ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು, ವಾರ್ಡಿನ ಎಷ್ಟೋ ಒಣ ಕಸ ಕೇಂದ್ರಗಳನ್ನು ಅವರೇ ನಡೆಸುತ್ತಾರೆ. ಎಎಲ್‌ಎಂಗಳಲ್ಲಿ ಬಹಳಷ್ಟು ಸೊರಗಿದವು ಎಂಬುದೂ ನಿಜ. ಸಂಬಳವಿಲ್ಲದ ಉತ್ಸಾಹಕ್ಕೆ ಆಯುಷ್ಯ ಕಡಿಮೆ. ಹೆಂಗಸರ ಸಂಘಟನೆ ಉಳಿದದ್ದಕ್ಕೆ ಕಾರಣ, ಅದರಲ್ಲಿ ಅವರ ಅನ್ನವಿತ್ತು.

ಲ್ಯಾಮಿಂಗ್ಟನ್ ರೋಡಿನ ಬದಿಗೂ ಅನ್ನದ ಲೆಕ್ಕ ಹೊಂದುತ್ತದೆ. ಮುಚ್ಚುವ ಕಾಲಕ್ಕೆ ಕೋಲಾರದ ಗಣಿಯ ಒಂದು ಟನ್ ಅದಿರಿನಲ್ಲಿ ಮೂರು ನಾಲ್ಕು ಗ್ರಾಂ ಚಿನ್ನ ಸಿಗುತ್ತಿತ್ತು. ಒಂದು ಟನ್ ಒಳ್ಳೆಯ ಕಂಪ್ಯೂಟರ್ ಬೋರ್ಡಿನಲ್ಲಿ 200 ಗ್ರಾಂ ಆಸುಪಾಸು ಇರುತ್ತದೆ, ತಾಮ್ರ ಬೇರೆ. ಅದಕ್ಕೇ ಭಂಗಾರ್‌ವಾಲಾ, ಅಂದರೆ ಗುಜರಿಯವನು, ಬೋರ್ಡನ್ನು ಎಂದೂ ಕಸಕ್ಕೆ ಎಸೆಯುವುದಿಲ್ಲ. ಕೆಲಸಕ್ಕೆ ಬರುವ ಬಿಡಿಭಾಗ ಮತ್ತೆ ಮೇಜಿಗೆ, ಉಳಿದದ್ದು ತೂಕಕ್ಕೆ. ಇಷ್ಟರವರೆಗೆ ಈ ಜಾಲ ಯಾವ ಪಾಲಿಕೆಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಮುಂದಿನ ಹೆಜ್ಜೆ ಕೆಟ್ಟದ್ದು. ತಾಮ್ರಕ್ಕಾಗಿ ವೈರು ಸುಟ್ಟರೆ ಅದರ ಹೊದಿಕೆಯ ಪಿವಿಸಿಯಿಂದ ಕ್ಲೋರಿನ್ ಬಿಡುಗಡೆಯಾಗುತ್ತದೆ, ತಾಮ್ರವೇ ವೇಗವರ್ಧಕವಾಗಿ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಚಿನ್ನಕ್ಕಾಗಿ ಬೋರ್ಡನ್ನು ಆಮ್ಲದಲ್ಲಿ ಅದ್ದಿದರೆ ಉಳಿಕೆ ಚರಂಡಿಗೆ. ಆಯುವುದು, ಬಿಚ್ಚುವುದು, ಗುಂಪು ಮಾಡುವುದು ಬೀದಿಯ ಕೆಲಸ. ಕರಗಿಸುವುದು ಮಾತ್ರ ಬೆಂಗಳೂರಿನ ಆಚೆ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರದಂಥ ಪರವಾನಗಿ ಪಡೆದ ಘಟಕಗಳ ಕೆಲಸ. ಈ ಗೆರೆಯನ್ನು ಅಳಿಸಿ ಎಲ್ಲವನ್ನೂ ಸಮುದಾಯವೇ ಮಾಡಲಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಯಾರ ಲೆಕ್ಕಕ್ಕೂ ಸಿಗದೆ ಉಳಿಯುವುದು ಬ್ಯಾಟರಿ. ಉಬ್ಬಿದ ಮೊಬೈಲ್ ಬ್ಯಾಟರಿಯೊಂದಕ್ಕೆ ಗುಜರಿಯಲ್ಲಿ ಬೆಲೆ ಸಿಗುವುದು ಕಷ್ಟ, ಹಾಗಾಗಿ ಅದು ಬುಟ್ಟಿಗೆ ಬೀಳುತ್ತದೆ. ಕಸದ ಲಾರಿಯ ಒತ್ತುಯಂತ್ರ ಅದನ್ನು ಹಿಚುಕಿದಾಗ ಒಳಗಿನ ತೆಳು ಪರದೆ ಹರಿದು ಎರಡು ಧ್ರುವಗಳು ತಾಗುತ್ತವೆ. ಒಂದರ ಶಾಖ ಪಕ್ಕದ್ದಕ್ಕೆ, ಅದರದ್ದು ಸುತ್ತಲಿನ ಒಣ ಕಾಗದಕ್ಕೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಇದನ್ನು ವಾಪಸು ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಗಾಳಾದವನು ಮಾಡಬೇಕಾದದ್ದು ಇಷ್ಟೇ: ತುದಿಗಳಿಗೆ ಟೇಪ್ ಸುತ್ತಿ, ಒಣ ಮರಳಿನ ಡಬ್ಬಿಯಲ್ಲಿ ಇಡುವುದು. ವಾರಕ್ಕೊಮ್ಮೆ ಬಂದು ಆ ಡಬ್ಬಿ ಒಯ್ಯುವವರನ್ನು ಗೊತ್ತುಮಾಡಿಕೊಳ್ಳಬೇಕಾದದ್ದು ಬೀದಿಯ ವರ್ತಕರ ಸಂಘ.