ಬಸಿರಿಗೆ ಮೊದಲೇ ಬದಲಾಗಬೇಕಾದ ಗುಳಿಗೆ

ಮಾಸೂರಿನಿಂದ ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಸೊಸಿಗೆ ಸಣ್ಣಾಕಿದ್ದಾಗಿಂದ ಫಿಟ್ಸ್ ಬರ್ತಾವ, ವ್ಯಾಲ್ಪರಿನ್ ತಗೋತಾಳ. ಸ್ಕ್ಯಾನಿಂಗ್ ಮಾಡಿಸಿದ್ರ ಅಂಡಾಶಯದಾಗ ನೀರಗುಳ್ಳಿ ಅದಾವ ಅಂದ್ರು. ಮಕ್ಕಳಾಗಬೇಕಂದ್ರ ಗುಳಿಗಿ ಬಿಡಿಸಬೇಕೇನು?"

ಬಿಡಿಸಬೇಡಿ. ವೈದ್ಯರನ್ನು ಕೇಳದೆ ಒಂದು ಹೊತ್ತಿನದನ್ನೂ ತಪ್ಪಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಒಂದರ ಬೆನ್ನಿಗೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಆದರೆ ನೀವು ಬಸಿರಿಗೆ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಏಕೆಂದರೆ ವ್ಯಾಲ್ಪರಿನ್ ಹೆಸರಿನಲ್ಲಿ ನಿಮ್ಮ ಸೊಸೆ ನುಂಗುತ್ತಿರುವುದು ವ್ಯಾಲ್ಪ್ರೊಯೇಟ್.

ಈ ಔಷಧದ ಕಥೆ ವಿಚಿತ್ರ. 1882ರಲ್ಲಿ ಬೆವರ್ಲಿ ಬರ್ಟನ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ವ್ಯಾಲ್ಪ್ರೊಯಿಕ್ ಆಮ್ಲವನ್ನು ತಯಾರಿಸಿದರು. ಮುಂದೆ ಸುಮಾರು ಎಂಬತ್ತು ವರ್ಷ ಅದು ಬೇರೆ ವಸ್ತುಗಳನ್ನು ಕರಗಿಸುವ ದ್ರವವಾಗಿಯೇ ಉಳಿಯಿತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಪಿಯರ್ ಐಮಾರ್ ತಮ್ಮ ಹೊಸ ಸಂಯುಕ್ತಗಳನ್ನು ಇದರಲ್ಲಿ ಕರಗಿಸಿ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಿದ್ದರು. ಯಾವುದನ್ನು ಕರಗಿಸಿ ಕೊಟ್ಟರೂ ಫಿಟ್ಸ್ ನಿಲ್ಲುತ್ತಿತ್ತು. ಕೊನೆಗೆ ಗೊತ್ತಾಯಿತು, ಕೆಲಸ ಮಾಡುತ್ತಿದ್ದದ್ದು ಕರಗಿಸಿದ ವಸ್ತುವಲ್ಲ, ಕರಗಿಸಲು ಬಳಸಿದ ದ್ರವವೇ! 1967ರಲ್ಲಿ ಅದು ಫ್ರಾನ್ಸಿನ ಮಾರುಕಟ್ಟೆಗೆ ಬಂತು. ಲಕ್ಷಾಂತರ ಜನರ ಬದುಕನ್ನು ನೇರ್ಪಡಿಸಿದ ಔಷಧ ಅದು.

ಅದರ ಇನ್ನೊಂದು ಮುಖ ತಿಳಿಯಲು ಮತ್ತೆ ಹದಿನೈದು ವರ್ಷ ಬೇಕಾಯಿತು. 1982ರಲ್ಲಿ ಲಿಯೋನ್ ನಗರದ ಎಲಿಜಬೆತ್ ರೋಬೇರ್, ಹುಟ್ಟುದೋಷಗಳ ದಾಖಲೆಗಳನ್ನು ತಿರುವಿಹಾಕುವಾಗ, ಬೆನ್ನುಹುರಿ ಮುಚ್ಚದೆ ಹುಟ್ಟಿದ ಕೂಸುಗಳ ತಾಯಂದಿರಲ್ಲಿ ವ್ಯಾಲ್ಪ್ರೊಯೇಟ್ ನುಂಗಿದವರು ಅತಿಯಾಗಿರುವುದನ್ನು ಕಂಡರು. ಈ ಬೆನ್ನುಹುರಿಯ ನಾಳ ಗರ್ಭ ಕಟ್ಟಿದ ನಾಲ್ಕು ವಾರದೊಳಗೇ ಮುಚ್ಚಿಕೊಳ್ಳುತ್ತದೆ. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಮಾಡಿಸುವ ಹೊತ್ತಿಗೆ ಸಾಮಾನ್ಯವಾಗಿ ಆ ಗಡುವು ಮುಗಿದಿರುತ್ತದೆ. ಆಮೇಲೆ ಗಾಬರಿಯಾಗಿ ಗುಳಿಗೆ ನಿಲ್ಲಿಸಿದರೆ ಆದ ದೋಷ ಸರಿಹೋಗುವುದಿಲ್ಲ, ಫಿಟ್ಸ್ ಮಾತ್ರ ಮರಳುತ್ತದೆ.

ಹಲವು ದೇಶಗಳ ಬಸುರಿಯರನ್ನು ಗಮನಿಸಿದ ಯುರಾಪ್ ದಾಖಲೆಯ ಲೆಕ್ಕ 2018ರಲ್ಲಿ ಪ್ರಕಟವಾಯಿತು. ವ್ಯಾಲ್ಪ್ರೊಯೇಟ್ ಒಂದನ್ನೇ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ದೊಡ್ಡ ಹುಟ್ಟುದೋಷ ಶೇ. 10.3, ಫಿಟ್ಸ್‌ಗೇ ಕೊಡುವ ಬೇರೆ ಗುಳಿಗೆಗಳಾದ ಲ್ಯಾಮೊಟ್ರಿಜಿನ್‌ನಲ್ಲಿ ಶೇ. 2.9, ಲೆವೆಟಿರಾಸೆಟಮ್‌ನಲ್ಲಿ ಶೇ. 2.8. ನಮ್ಮ ಪಕ್ಕದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯೂ 1998ರಿಂದ ಇಂಥ ದಾಖಲೆ ಇಡುತ್ತ ಬಂದಿದೆ. ಅಲ್ಲಿಯೂ ವ್ಯಾಲ್ಪ್ರೊಯೇಟ್ ಪ್ರಮಾಣ ಏರಿದಂತೆ ಅಪಾಯ ಏರಿದ್ದು ಕಂಡಿತು. ಅಂಗಾಂಗ ಸರಿಯಿದ್ದ ಮಕ್ಕಳಲ್ಲೂ ಬುದ್ಧಿಶಕ್ತಿಯ ಅಂಕ ಕಡಿಮೆ ಬರುತ್ತದೆಂದು 2013ರ ಅಮೆರಿಕ–ಬ್ರಿಟನ್ ಅಧ್ಯಯನ ತೋರಿಸಿತು.

ಇನ್ನು ನೀರುಗುಳ್ಳೆ. ಫಿನ್‌ಲೆಂಡಿನ ಯೌಕೊ ಇಸೊಯಾರ್ವಿ 1993ರಲ್ಲಿ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವ ಮಹಿಳೆಯರನ್ನು ಪರೀಕ್ಷಿಸಿದಾಗ ಶೇ. 43ರಷ್ಟು ಮಂದಿಯ ಅಂಡಾಶಯದಲ್ಲಿ ಇಂಥ ಗುಳ್ಳೆಗಳಿದ್ದವು. ಎಲ್ಲರೂ ಪಿಸಿಓಡಿ ಎನ್ನುವ ಈ ಗುಳ್ಳೆಗಳು ಪೂರ್ತಿ ಬಲಿಯದೆ ನಿಂತ ಅಂಡಕೋಶಗಳು. ಕತ್ತರಿಸಿ ತೆಗೆಯಬೇಕಾದ ಗಡ್ಡೆಗಳಲ್ಲ. ಫಿಟ್ಸ್ ಕಾಯಿಲೆಯೂ ಹಾರ್ಮೋನುಗಳನ್ನು ಏರುಪೇರು ಮಾಡುವುದುಂಟು, ಆದ್ದರಿಂದ ಎಲ್ಲವನ್ನೂ ಗುಳಿಗೆಯ ಮೇಲೆ ಹೊರಿಸಲಾಗದು.

ವ್ಯಾಲ್ಪ್ರೊಯೇಟ್ ಬದಲು ಲ್ಯಾಮೊಟ್ರಿಜಿನ್ ಕೊಟ್ಟರೆ, ಬಸಿರಾದ ಮೇಲೆ ಅದರ ಪ್ರಮಾಣ ಏಕೆ ಏರಿಸುತ್ತಾರೆಂದು ಅನೇಕರು ಹೆದರುತ್ತಾರೆ. ನಿಮ್ಮೂರಿನ ಮದಗದ ಕೆರೆಯನ್ನೇ ನೆನೆಯಿರಿ. ಕುಮುದ್ವತಿಯಿಂದ ಬರುವ ನೀರು ಅಷ್ಟೇ ಇದ್ದು ತೂಬನ್ನು ಹೆಚ್ಚು ಎತ್ತಿದರೆ ಕೆರೆಯ ಮಟ್ಟ ಇಳಿಯುತ್ತದೆ. ರಕ್ತದಲ್ಲಿ ಔಷಧದ ಮಟ್ಟವೂ ಹಾಗೆಯೇ. ಗುಳಿಗೆ ಒಳಹರಿವು, ಯಕೃತ್ತು ಮತ್ತು ಮೂತ್ರಪಿಂಡ ತೂಬು. ಬಸುರಿನಲ್ಲಿ ಈಸ್ಟ್ರೋಜನ್ ಏರಿ ಯಕೃತ್ತು ಲ್ಯಾಮೊಟ್ರಿಜಿನ್ ಅನ್ನು ಬೇಗ ಹೊರಹಾಕುತ್ತದೆ. ಮೊದಲಿನಷ್ಟೇ ನುಂಗಿದರೂ ಮಟ್ಟ ಅರ್ಧಕ್ಕೆ ಇಳಿಯಬಹುದು. ಆಗ ಒಳಹರಿವು ಹೆಚ್ಚಿಸಲೇಬೇಕು. ಹೆರಿಗೆಯಾದ ಕೆಲವೇ ದಿನಗಳಲ್ಲಿ ತೂಬು ಮತ್ತೆ ಇಳಿಯುತ್ತದೆ. ಏರಿಸಿದ ಪ್ರಮಾಣವನ್ನು ಇಳಿಸದಿದ್ದರೆ ಕೆರೆ ಕೋಡಿ ಬೀಳುತ್ತದೆ, ಬಾಣಂತಿಗೆ ತಲೆಸುತ್ತು, ತೂರಾಟ. ತವರಿಗೆ ಹೋದಾಕೆಯ ಚೀಟಿಯಲ್ಲಿ ಈ ಮಾತು ಬರೆದಿರಲೇಬೇಕು.

ಐದು ತಿಂಗಳು ದಾಟಿದ ಮೇಲೆ ಬಿ.ಪಿ. ಏರಿ ಫಿಟ್ಸ್ ಬಂದರೆ ಅದು ಹಳೆಯ ಕಾಯಿಲೆಯೆಂದು ಸುಮ್ಮನಿರಬೇಡಿ, ಆಸ್ಪತ್ರೆಗೆ ಓಡಿ. ಬಸುರಿನ ನಂಜಿನ ಆ ಫಿಟ್ಸ್‌ಗೆ ಮದ್ದು ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್. ಫಿಟ್ಸ್ ಬಂದಾಗ ಕೈಯಲ್ಲಿ ಕಬ್ಬಿಣ ಇಡುವುದರಿಂದ ಏನೂ ಆಗದು, ಎಡಕ್ಕೆ ಮಗ್ಗುಲಾಗಿಸಿ.

ನನ್ನನ್ನು ಹೆಚ್ಚು ಕಾಡುವುದು ಮುಚ್ಚಿಡುವ ರೂಢಿ. ಅಪಸ್ಮಾರ ಇದ್ದವರ ಮದುವೆ ರದ್ದುಮಾಡಬಹುದೆಂಬ ಮಾತು ಹಿಂದೂ ವಿವಾಹ ಕಾಯಿದೆಯಲ್ಲೇ ಇತ್ತು. ಅದನ್ನು ತೆಗೆದದ್ದು 1999ರಲ್ಲಿ. ಕಾನೂನು ಬಿಟ್ಟರೂ ಊರು ಬಿಟ್ಟಿಲ್ಲ. ಅತ್ತೆಮನೆಯಲ್ಲಿ ಗುಳಿಗೆ ಬಚ್ಚಿಟ್ಟು, ಹೊತ್ತು ತಪ್ಪಿಸಿ ನುಂಗುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ನಿಮ್ಮ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಮಾತಾಡುತ್ತಿದ್ದೀರಿ, ಅರ್ಧ ಕೆಲಸ ಆದಂತೆ. ಹಳೆಯ ಚೀಟಿಗಳನ್ನೆಲ್ಲ ಹಿಡಿದುಕೊಂಡು ಹುಬ್ಬಳ್ಳಿ, ದಾವಣಗೆರೆ ಅಥವಾ ಶಿವಮೊಗ್ಗದ ನರರೋಗ ತಜ್ಞರನ್ನು ಈಗಲೇ ಕಾಣಿ, ಸ್ಕ್ಯಾನಿಂಗ್ ವರದಿಯನ್ನೂ ತೋರಿಸಿ. ಕೆಲವು ಬಗೆಯ ಫಿಟ್ಸ್‌ಗೆ ವ್ಯಾಲ್ಪ್ರೊಯೇಟ್‌ನಷ್ಟು ಚೆನ್ನಾಗಿ ಬೇರೆಯದು ಹತ್ತುವುದಿಲ್ಲ, ಆದ್ದರಿಂದ ನಿರ್ಧಾರ ಅವರದೇ ಆಗಲಿ. ಹೊಸ ಗುಳಿಗೆ ಹಂತಹಂತವಾಗಿ ಹತ್ತಿ ಹಳೆಯದು ಇಳಿಯಲು ತಿಂಗಳುಗಳು ಬೇಕು. ಅಷ್ಟು ದಿನ ಬಸಿರು ಮುಂದೂಡಲಿ, ಫೋಲಿಕ್ ಆಮ್ಲದ ಗುಳಿಗೆಯನ್ನು ಅವರು ಹೇಳಿದ ಪ್ರಮಾಣದಲ್ಲಿ ಈಗಿನಿಂದಲೇ ಶುರುಮಾಡಲಿ.