ಜಾಡು ಹಿಡಿಯುವ ಮೂಗು, ಸುಳಿವು ಕೊಡುವ ಊರು

ಅಸ್ಸಾಮಿನ ಕಾಜಿರಂಗ ರಾಷ್ಟ್ರೀಯ ಉದ್ಯಾನದಲ್ಲಿ 2013ರಲ್ಲೂ 2014ರಲ್ಲೂ ತಲಾ 27 ಘೇಂಡಾಮೃಗಗಳು ಕಳ್ಳಬೇಟೆಗೆ ಬಲಿಯಾದವು. 2022ರಲ್ಲಿ ಇಡೀ ರಾಜ್ಯದಲ್ಲಿ ಒಂದು ಘೇಂಡಾಮೃಗವೂ ಬೇಟೆಗಾರರ ಕೈಗೆ ಸಿಗಲಿಲ್ಲ. 1977ರ ನಂತರ ಅಂಥದೊಂದು ವರ್ಷ ಬಂದಿರಲೇ ಇಲ್ಲ. ಇದನ್ನು ಸಾಧಿಸಿದ್ದು ಯಾರು ಎಂದು ಕೇಳಿದರೆ ಕೆಲವರು ಬಂದೂಕು ಹಿಡಿದ ಕಾವಲುಗಾರರು ಎನ್ನುತ್ತಾರೆ, ಇನ್ನು ಕೆಲವರು ಶ್ವಾನದಳ ಎನ್ನುತ್ತಾರೆ. ಕಾಡಂಚಿನ ಹಳ್ಳಿಗಳ ಹೆಸರು ಹೇಳುವವರು ಕಡಿಮೆ. ಈ ವಿಷಯದಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಶ್ವಾನದಳದ ನಾಯಿಯ ಕೆಲಸ ಬೇಟೆಗಾರನ ಮೇಲೆ ಎರಗುವುದು.

ವಾಸ್ತವ: ಅದು ಮೂಗಿನ ಕೆಲಸ. ರಾತ್ರಿ ಗುಂಡಿನ ಸದ್ದು ಕೇಳಿ ಕಾವಲುಗಾರರು ಓಡಿ ಬರುವಷ್ಟರಲ್ಲಿ ಕೊಂಬು ಕೊಯ್ದು ಆಗಿರುತ್ತದೆ, ಆಳೆತ್ತರದ ಹುಲ್ಲಿನಲ್ಲಿ ಬೇಟೆಗಾರರು ಕರಗಿಹೋಗಿರುತ್ತಾರೆ. ಹೆಜ್ಜೆ ಗುರುತು, ಬಿಸಾಡಿದ ಬಟ್ಟೆ, ತೋಟಾದ ಖಾಲಿ ಕೋಶ, ಇಷ್ಟರಿಂದಲೇ ನಾಯಿ ವಾಸನೆ ಹಿಡಿಯಬೇಕು. ನೋಡಿಕೊಳ್ಳುವವನು ಉದ್ದನೆಯ ಹಗ್ಗ ಹಿಡಿದು ಅದರ ಹಿಂದೆ ನಡೆಯುತ್ತಾನೆ. ಜಾಡು ಕಾಡು ದಾಟಿ, ಗದ್ದೆಯ ಬದುವಿನ ಮೇಲೆ ಹಾದು, ಕೆಲವೊಮ್ಮೆ ಒಂದು ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ವಿಚಾರಣೆ, ಸಾಕ್ಷ್ಯ, ನ್ಯಾಯಾಲಯ. ಗುವಾಹಟಿಯ ‘ಆರಣ್ಯಕ್’ ಸಂಸ್ಥೆ ಕಾಜಿರಂಗಕ್ಕೆ ಕರೆತಂದ ಜೋರ್ಬಾ ಎಂಬ ಬೆಲ್ಜಿಯನ್ ಮಲಿನೋಯಿಸ್ ನಾಯಿ ಹೆಸರು ಮಾಡಿದ್ದು ಹೀಗೆ ಜಾಡು ತೋರಿಸಿಯೇ.

ಇನ್ನೊಂದು ಬಗೆಯ ನಾಯಿಗಳಿವೆ. ಅವು ತಪಾಸಣಾ ಠಾಣೆಗಳಲ್ಲಿ ವಾಹನ, ಚೀಲ, ಸಂದುಗೊಂದುಗಳನ್ನು ಮೂಸಿ ಬಚ್ಚಿಟ್ಟ ಕೊಂಬು, ಹುಲಿ ಮೂಳೆ, ಚರ್ಮ ಪತ್ತೆ ಮಾಡುತ್ತವೆ. ನಮ್ಮ ಬಂಡೀಪುರದಲ್ಲಿ ರಾಣಾ ಎಂಬ ಜರ್ಮನ್ ಶೆಫರ್ಡ್ ಕಳ್ಳಬೇಟೆ ಪ್ರಕರಣಗಳಲ್ಲಿ ಅರಣ್ಯ ಇಲಾಖೆಗೆ ನೆರವಾದದ್ದನ್ನು ಅನೇಕ ಓದುಗರು ಬಲ್ಲರು. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ಮಾತ್ರ ನೋಟವೇ ಬೇರೆ. ಅಲ್ಲಿ ಹಗ್ಗವಿಲ್ಲದ ಹೌಂಡ್ ನಾಯಿಗಳ ಗುಂಪನ್ನೇ ಜಾಡಿಗೆ ಬಿಡುತ್ತಾರೆ. ಕೊರಳಲ್ಲಿ ಜಿಪಿಎಸ್ ಪಟ್ಟಿ, ಮೇಲೆ ಹಿಂಬಾಲಿಸುವ ಹೆಲಿಕಾಪ್ಟರ್. ಬಯಲು ಸೀಮೆಯಲ್ಲಿ ಅದು ನಡೆಯುತ್ತದೆ. ಬ್ರಹ್ಮಪುತ್ರದ ಜೌಗಿನಲ್ಲಿ ಅದೇ ರೀತಿ ಓಡಿಸಲಾಗದು.

ತಪ್ಪು ಕಲ್ಪನೆ: ತರಬೇತಿ ಪಡೆದ ನಾಯಿ ಎಂದೂ ತಪ್ಪುವುದಿಲ್ಲ, ದಣಿಯುವುದಿಲ್ಲ.

ವಾಸ್ತವ: ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಏದುಸಿರಿನ ಮೂಲಕ. ಬಾಯಿ ತೆರೆದು ಏದುತ್ತಿರುವಾಗ ಮೂಸುವ ಶಕ್ತಿ ತಗ್ಗುತ್ತದೆ. ಜೋರು ಮಳೆ ಬಂದರೆ, ಬೇಟೆಗಾರ ನೀರಿಗಿಳಿದು ಹೋದರೆ ಜಾಡು ತುಂಡಾಗಬಹುದು. ಹೊತ್ತು ಕಳೆದಷ್ಟೂ ವಾಸನೆ ಮಸುಕು. ಹೀಗಾಗಿ ನಾಯಿ ಎಷ್ಟು ಜಾಣ ಎಂಬುದಕ್ಕಿಂತ ಸುದ್ದಿ ಎಷ್ಟು ಬೇಗ ಮುಟ್ಟಿತು ಎಂಬುದೇ ಎಷ್ಟೋ ಸಲ ಫಲಿತಾಂಶವನ್ನು ತೀರ್ಮಾನಿಸುತ್ತದೆ.

ತಪ್ಪು ಕಲ್ಪನೆ: ನಾಯಿ ಬಂತು, ಬಂಧನ ಹೆಚ್ಚಿತು, ಇನ್ನು ಬೇಟೆ ನಿಲ್ಲುತ್ತದೆ.

ವಾಸ್ತವ: ಈ ಮಾತನ್ನು ನಾಯಿಗಳ ಮೇಲಿನ ಪ್ರೀತಿಯಿಂದಲೇ ತಿದ್ದಬೇಕಾಗಿದೆ. ಕ್ರೂಗರ್ ಭಾಗದ 11 ಸಂರಕ್ಷಿತ ಪ್ರದೇಶಗಳ 2017ರಿಂದ 2023ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2025ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾವಲುಗಾರರು, ಜಾಡು ನಾಯಿಗಳು, ಕ್ಯಾಮೆರಾಗಳು ಎಲ್ಲ ಸೇರಿ ಸುಮಾರು 700 ಬೇಟೆಗಾರರ ಬಂಧನವಾಗಿತ್ತು. ಆದರೂ ಇವುಗಳಿಂದಲೇ ಬೇಟೆ ಗಮನಾರ್ಹವಾಗಿ ಇಳಿಯಿತು ಎನ್ನಲು ಅಂಕಿಅಂಶಗಳ ಆಧಾರ ಸಿಗಲಿಲ್ಲ. ಘೇಂಡಾಮೃಗಗಳ ಕೊಂಬನ್ನು ಮೊದಲೇ ಕತ್ತರಿಸಿದ ಕಡೆ ಮಾತ್ರ ಬೇಟೆ ಸುಮಾರು ಶೇಕಡ 78ರಷ್ಟು ಕುಸಿದಿತ್ತು.

ಕಾರಣ ಕಾಣದ್ದೇನಲ್ಲ. ಸಿಕ್ಕಿಬೀಳುವವನು ಕೂಲಿಗೆ ಬಂದ ಬಡವ. ಅವನು ಜೈಲಿಗೆ ಹೋದರೆ ದಲ್ಲಾಳಿ ಇನ್ನೊಬ್ಬನನ್ನು ಹುಡುಕುತ್ತಾನೆ. ಒಳಗಿನವರೇ ಲಂಚಕ್ಕೆ ಸುಳಿವು ಮಾರಿದರೆ ಯಾವ ನಾಯಿಯೂ ಏನೂ ಮಾಡಲಾರದು. ಹಾಗೆಂದು ಶ್ವಾನದಳ ದಂಡ ಎನ್ನುವುದು ತಪ್ಪು. ಶಿಕ್ಷೆಯಾಗಬೇಕಾದರೆ ಸಾಕ್ಷ್ಯ ಬೇಕು, ಅದನ್ನು ನಾಯಿ ತಂದುಕೊಡುತ್ತದೆ. ಗುಂಡು ಹಾರುವ ಮುಂಚೆ ತಡೆಯುವ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು.

ತಪ್ಪು ಕಲ್ಪನೆ: ಕಾಡಂಚಿನ ಜನರೇ ಬೇಟೆಗಾರರು, ಅವರನ್ನು ದೂರವಿಟ್ಟಷ್ಟೂ ಪ್ರಾಣಿಗೆ ಕ್ಷೇಮ.

ವಾಸ್ತವ: ಹೊರಗಿನಿಂದ ಬರುವ ಗುಂಪಿಗೆ ದಾರಿ ತೋರಿಸಲು, ರಾತ್ರಿ ತಂಗಲು ಸ್ಥಳೀಯನೊಬ್ಬ ಬೇಕು, ನಿಜ. ಆದರೆ ಊರಿಗೆ ಹೊಸಬರು ಬಂದಿದ್ದಾರೆ, ಇಂಥವನ ಕೈಯಲ್ಲಿ ಇದ್ದಕ್ಕಿದ್ದಂತೆ ದುಡ್ಡು ಓಡಾಡುತ್ತಿದೆ ಎಂದು ಮೊದಲು ಗಮನಿಸುವವರೂ ಅದೇ ಊರಿನವರು. ಅವರು ಬಾಯಿ ಬಿಡುತ್ತಾರೋ ಇಲ್ಲವೋ ಎಂಬುದು ಅರಣ್ಯ ಇಲಾಖೆ ಅವರೊಡನೆ ಹೇಗೆ ನಡೆದುಕೊಂಡಿದೆ ಎಂಬುದನ್ನು ಅವಲಂಬಿಸಿದೆ. 2016ರಲ್ಲಿ ಕಾಜಿರಂಗದ ಅಂಚಿನಲ್ಲಿ ಏಳು ವರ್ಷದ ಆದಿವಾಸಿ ಹುಡುಗನೊಬ್ಬನ ಕಾಲಿಗೆ ಅರಣ್ಯ ಸಿಬ್ಬಂದಿಯ ಗುಂಡು ತಗುಲಿತು. ಅಂಥ ಗಾಯ ಕಂಡ ಊರಿನಿಂದ ಮಧ್ಯರಾತ್ರಿ ಫೋನ್ ಬರಲಿ ಎಂದು ಹೇಗೆ ನಿರೀಕ್ಷಿಸುವುದು?

ಇದಕ್ಕೆ ವಿರುದ್ಧವಾದ ಕಥೆ ಅದೇ ಅಸ್ಸಾಮಿನ ಮಾನಸ್ ರಾಷ್ಟ್ರೀಯ ಉದ್ಯಾನದ್ದು. ಬೋಡೋ ಬುಡಕಟ್ಟಿನ ಸಶಸ್ತ್ರ ಸಂಘರ್ಷದ ವರ್ಷಗಳಲ್ಲಿ ಅಲ್ಲಿ ಘೇಂಡಾಮೃಗ ಪೂರ್ತಿ ಅಳಿದುಹೋಗಿತ್ತು. ಶಾಂತಿ ಮರಳಿದಾಗ, 2003ರಲ್ಲಿ, ಸ್ಥಳೀಯ ಯುವಕರು ಮಾವೋಜಿಗೆಂದ್ರಿ ಎಂಬ ಪರಿಸರ ಪ್ರವಾಸೋದ್ಯಮ ಸಂಘ ಕಟ್ಟಿದರು. ಒಂದು ಕಾಲಕ್ಕೆ ಬೇಟೆಯಾಡುತ್ತಿದ್ದವರು ಬಂದೂಕು ಒಪ್ಪಿಸಿ ಅದೇ ಕಾಡಿನ ಗಸ್ತಿಗೆ ಹೊರಟರು. ಪ್ರಾಣಿಯ ಓಡಾಟ, ನೀರಿನ ತಾವು, ಕದ್ದು ನುಸುಳುವ ದಾರಿ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? 2008ರಲ್ಲಿ ಅದೇ ರಾಜ್ಯದ ಪಬಿತೋರಾ ಅಭಯಾರಣ್ಯದಿಂದ ಘೇಂಡಾಮೃಗಗಳನ್ನು ತಂದು ಮಾನಸ್‌ನಲ್ಲಿ ಬಿಟ್ಟರು. ನಡುವೆ ಅಲ್ಲೂ ಕೆಲವು ಬೇಟೆಗೆ ಸಿಕ್ಕವು. ಆದರೂ ಸಂತತಿ ಉಳಿದು ಬೆಳೆಯಿತು.

ಊರಿನವರ ಮೇಲಿನ ಇಂಥ ನಂಬಿಕೆಗೆ ನೇಪಾಳ ಹಣದ ಬಲವನ್ನೂ ಕೊಟ್ಟಿದೆ. ಅಲ್ಲಿನ ಚಿತ್ವನ್ ರಾಷ್ಟ್ರೀಯ ಉದ್ಯಾನದ ವರಮಾನದ ಶೇಕಡ 30ರಿಂದ 50ರಷ್ಟು ಸುತ್ತಲಿನ ಜನರ ಅಭಿವೃದ್ಧಿಗೆ ಹೋಗಬೇಕೆಂಬ ನಿಯಮವಿದೆ. ಹಳ್ಳಿಯ ಯುವಕರದೇ ಕಳ್ಳಬೇಟೆ ತಡೆ ತಂಡಗಳಿವೆ. ಬೆಳೆ ತುಳಿಸಿಕೊಂಡ ರೈತನಿಗೆ ಸಕಾಲಕ್ಕೆ ಪರಿಹಾರ ಕೊಡದೆ ಸಹಕಾರ ಕೇಳುವುದು ಅನ್ಯಾಯ ಎಂದೇ ನನ್ನ ಭಾವನೆ.

ತಪ್ಪು ಕಲ್ಪನೆ: ಕೊಂಬಿನಲ್ಲಿ ಔಷಧ ಗುಣವಿದೆ.

ವಾಸ್ತವ: ಅದು ಕೆರಾಟಿನ್. ನಮ್ಮ ಉಗುರಿನಲ್ಲಿರುವುದೂ ಅದೇ. 2021ರ ಸೆಪ್ಟೆಂಬರ್ 22ರ ವಿಶ್ವ ಘೇಂಡಾಮೃಗ ದಿನದಂದು ಅಸ್ಸಾಂ ಸರ್ಕಾರ ಬೊಕಾಖಾತ್‌ನಲ್ಲಿ ದಾಸ್ತಾನಿನ 2,479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟದ್ದು ಈ ಮಾತನ್ನು ಜನರಿಗೆ ಮುಟ್ಟಿಸಲೆಂದೇ.

ತಪ್ಪು ಕಲ್ಪನೆ: ಬೇಟೆ ಸೊನ್ನೆಗೆ ಇಳಿದ ಮೇಲೆ ಕಾವಲು ಸಡಿಲಿಸಬಹುದು.

ವಾಸ್ತವ: 2022ರ ಸೊನ್ನೆ ಮರುವರ್ಷ ಉಳಿಯಲಿಲ್ಲ, 2023ರಲ್ಲಿ ಕಾಜಿರಂಗದಲ್ಲಿ ಮತ್ತೆ ಬೇಟೆ ನಡೆಯಿತು. ಅಲ್ಲಿ ಈಗ 2,600ಕ್ಕೂ ಹೆಚ್ಚು ಘೇಂಡಾಮೃಗಗಳಿವೆ, ವಿಯೆಟ್ನಾಂ ಮತ್ತು ಚೀನಾದಲ್ಲಿ ಕೊಂಬಿಗೆ ಗಿರಾಕಿಗಳೂ ಇದ್ದಾರೆ. ಮಳೆಗಾಲದಲ್ಲಿ ಬ್ರಹ್ಮಪುತ್ರ ಉಕ್ಕಿದಾಗ ಪ್ರಾಣಿಗಳು ಉದ್ಯಾನದ ಪಕ್ಕದ ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಗುಡ್ಡಗಳತ್ತ ಹೋಗುತ್ತವೆ. ಕಾವಲು ಶಿಬಿರಗಳೂ ನೀರಿನಲ್ಲಿರುತ್ತವೆ, ನಾಯಿಗೆ ಹಿಡಿಯಲು ಜಾಡೂ ಇರುವುದಿಲ್ಲ. ಆ ವಾರಗಳಲ್ಲಿ ಯಾವ ಪ್ರಾಣಿ ಯಾರ ಹೊಲಕ್ಕೆ ಬಂತು, ಅದರ ಹಿಂದೆ ಯಾರು ಬಂದರು ಎಂದು ತಿಳಿಸಬಲ್ಲವರು ಹೆದ್ದಾರಿ ಬದಿಯ ಹಳ್ಳಿಯವರು ಮಾತ್ರ.